ಸೋಪಿನ ಜಾಹೀರಾತಿನ ನಂತರ ಹೇಳಬೇಕಾಗಿದ್ದ ಮಾತು

ಕಾನೂನು ಕಾಲೇಜಿನ ಪ್ರಾಂಶುಪಾಲರಿಗೆ,

ಮಾನ್ಯರೇ,

ನಿಮ್ಮ ಕಾಲೇಜಿನ ಸೂಚನಾ ಫಲಕದಲ್ಲಿ ಈಗ ಎರಡು ಕಾಗದಗಳು ಅಕ್ಕಪಕ್ಕ ಇವೆ. ಟೀವಿ ಚರ್ಚೆಯಲ್ಲಿ ಮಾತಾಡಿ ಸಂಸ್ಥೆಯ ಕೀರ್ತಿ ಹೆಚ್ಚಿಸಿದ ಅಧ್ಯಾಪಕಿಯೊಬ್ಬರನ್ನು ಒಂದರಲ್ಲಿ ನೀವು ಅಭಿನಂದಿಸಿದ್ದೀರಿ. ಇನ್ನೊಂದರಲ್ಲಿ, ಸರ್ಕಾರದ ಅಥವಾ ನಗರಸಭೆಯ ಯಾವುದೇ ನೀತಿಯ ಬಗ್ಗೆ ಅಧ್ಯಾಪಕರು ಮಾಧ್ಯಮಗಳಲ್ಲಾಗಲಿ ಸಾರ್ವಜನಿಕ ಸಭೆಗಳಲ್ಲಾಗಲಿ ಬಾಯಿ ತೆರೆಯಕೂಡದೆಂದು ಅಪ್ಪಣೆ ಕೊಟ್ಟಿದ್ದೀರಿ. ಎರಡಕ್ಕೂ ಕಾರಣ ಒಬ್ಬರೇ ಅಧ್ಯಾಪಕಿ, ಒಂದೇ ವಿಷಯ. ಮೊದಲ ಕಾಗದದಲ್ಲಿ ಅವರ ಫೋಟೊ ಇದೆ. ಎರಡನೆಯದರ ಜೊತೆಗೆ ಅವರ ಕೈಗೆ ಕಾರಣ ಕೇಳುವ ನೋಟಿಸು ಬಂದಿದೆ. ನಡುವೆ ಏನಾಯಿತೆಂದು ನಿಮಗೆ ಯಾರೂ ಹೇಳಿರಲಾರರು. ಹೇಳಬಲ್ಲವರ ಬಾಯಿಗೆ ನೀವೇ ಬೀಗ ಜಡಿದಿದ್ದೀರಿ. ನಿಮ್ಮ ಅಪ್ಪಣೆ ನನಗೆ ಅನ್ವಯಿಸುವುದಿಲ್ಲವಾದ್ದರಿಂದ ನಾನು ಹೇಳುತ್ತೇನೆ.

ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ನಮ್ಮಕ್ಕನಿಗೆ ಒಂದು ಹೊಲಿಗೆ ಅಂಗಡಿ ಇದೆ. ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ಮುಂದೆ ಅಂಗಡಿ, ಪರದೆಯ ಹಿಂದೆ ಒಲೆ ಮತ್ತು ಹಾಸಿಗೆ. ಭಾವ ತೀರಿಕೊಂಡ ಮೇಲೆ ಅವಳ ಸಂಸಾರವೆಲ್ಲ ಆ ಬಾಡಿಗೆ ಜಾಗದಲ್ಲೇ. ಹಳೆಯ ಕಟ್ಟಡಗಳನ್ನು ಸುರಕ್ಷತೆಯ ಕಾರಣಕ್ಕೆ ತೆರವು ಮಾಡಿಸಬಹುದೆಂದು ನಗರಸಭೆ ಈ ವರ್ಷ ಹೊಸ ನಿಯಮ ತಂದಿತು. ನಮ್ಮ ಬೀದಿಯ ಬಾಡಿಗೆದಾರರಿಗೆಲ್ಲ ಒಂದೊಂದು ಒಪ್ಪಿಗೆ ಪತ್ರ ಬಂತು. ಸಹಿ ಮಾಡಿ ಹೊರಡುವುದಷ್ಟೇ ನಮ್ಮ ಪಾಲಿನ ಕೆಲಸ. ಗೋಡೆ ನಿಜಕ್ಕೂ ಬೀಳುವಂತಿದೆಯೇ ಎಂದು ಒಬ್ಬ ಇಂಜಿನಿಯರೂ ಬಂದು ತಟ್ಟಿ ನೋಡಲಿಲ್ಲ. ಬೀಳಬೇಕೆಂದು ಕಚೇರಿಯಲ್ಲಿ ತೀರ್ಮಾನವಾದ ಮೇಲೆ ಗೋಡೆಯ ಅಭಿಪ್ರಾಯ ಯಾರಿಗೆ ಬೇಕು?

ಆಗಲೇ ಟೀವಿಯಲ್ಲಿ ಚರ್ಚೆ ಬಂತು. ಬಾಡಿಗೆ ಕಾನೂನು ಕಲಿಸುವ ನಿಮ್ಮ ಮೇಡಂ ಮಾತಾಡುತ್ತಾರೆಂದು ಬೀದಿಯ ಅರ್ಧ ಜನ ಅಕ್ಕನ ಅಂಗಡಿಯಲ್ಲಿ ಸೇರಿದ್ದರು. ಅವರು ಮಾತಾಡಿದರು, ಎಂಥಾ ಮಾತು! ಶಿಥಿಲ ಗೋಡೆಯ ಕೆಳಗೆ ಶಾಲೆಗೆ ಹೋಗುವ ಮಕ್ಕಳು ನಡೆಯುತ್ತಾರೆ ಎಂದರು. ಒಬ್ಬರ ಬಾಡಿಗೆ ಹಕ್ಕು ಇನ್ನೊಬ್ಬರ ಪ್ರಾಣಕ್ಕಿಂತ ದೊಡ್ಡದಲ್ಲ ಎಂದರು. ನಗರಸಭೆಯವರಿಗೇ ತಮ್ಮ ನಿಯಮ ಇಷ್ಟು ಉದಾತ್ತವೆಂದು ಅಲ್ಲಿಯವರೆಗೆ ಗೊತ್ತಿದ್ದಿರಲಾರದು. ಆಮೇಲೆ ಸೋಪಿನ ಜಾಹೀರಾತು ಬಂತು, ಅದರ ಬೆನ್ನಿಗೆ ಹವಾಮಾನ ವರದಿ. ಅಕ್ಕ ಟೀವಿ ಆರಿಸಿ, ಅರೆಹೊಲಿದ ಅಂಗಿಗಳನ್ನು ಮಡಿಸಿ ಪೆಟ್ಟಿಗೆಗೆ ತುಂಬತೊಡಗಿದಳು. ಸ್ವಲ್ಪ ತಾಳು, ಬೇರೆ ಯಾರನ್ನಾದರೂ ಕೇಳೋಣ ಎಂದೆ.

“ನಗರಸಭೆಯೋರು ಹೇಳಿದ್ರೆ ನಂಬ್ತಿರ್ಲಿಲ್ಲ ಕಣೋ. ಕಾನೂನು ಕಲಿಸೋರೇ ಹೇಳ್ತಿದಾರೆ. ನೀನೇನು, ಪೇಪರ್ ಓದಿ ಓದಿ ಜಡ್ಜ್ ಆಗ್ಬಿಟ್ಯಾ?” ಎಂದಳು.

ಮರುದಿನ ನಿಮ್ಮ ಕಾಲೇಜಿಗೆ ಬಂದೆ, ಜಗಳವಾಡಲೆಂದೇ. ಮೇಡಂ ಕೈತುಂಬ ಸೀಮೆಸುಣ್ಣದ ಪುಡಿ ಮಾಡಿಕೊಂಡು ತರಗತಿಯಿಂದ ಹೊರಬಂದರು. ಬಡವರ ಹೊಟ್ಟೆ ಮೇಲೆ ಹೊಡೆಯಲು ನಿಮಗೆ ನಗರಸಭೆ ಏನು ಕೊಟ್ಟಿತು ಎಂದು ಶುರು ಮಾಡಿದವನು ಉಸಿರು ಕಟ್ಟುವವರೆಗೂ ಬೈದೆ. ಅವರು ಪೂರ್ತಿ ಕೇಳಿಸಿಕೊಂಡರು.

“ನೀವು ಎರಡನೇ ಭಾಗ ನೋಡ್ಲಿಲ್ವಾ?” ಎಂದರು.

“ಎರಡನೇ ಭಾಗದಲ್ಲಿ ಸೋಪು ಬಂತು ಮೇಡಂ.”

ಅವರು ಅಲ್ಲೇ ಬೆಂಚಿನ ಮೇಲೆ ನನ್ನನ್ನು ಕೂರಿಸಿಕೊಂಡು ವಿವರಿಸಿದರು. ಆಗ ಗೊತ್ತಾಯಿತು ನಿಮ್ಮ ಕಾಲೇಜಿನ ಪದ್ಧತಿ. ಎದುರಾಳಿಯ ವಾದವನ್ನು ಮೊದಲು ಎದುರಾಳಿಗಿಂತ ಚೆನ್ನಾಗಿ ಮಂಡಿಸಬೇಕು, ಆಮೇಲೆ ಅದರ ಹೊಲಿಗೆ ಬಿಚ್ಚಬೇಕು. ವರ್ಷಗಟ್ಟಲೆ ಹಾಗೆಯೇ ಕಲಿಸಿದ ಮೇಡಂ ಟೀವಿಯಲ್ಲೂ ಹಾಗೆಯೇ ಶುರು ಮಾಡಿದ್ದರು; ಹೊಲಿಗೆ ಬಿಚ್ಚಿದ ಭಾಗವನ್ನು ಟೀವಿಯವರು ಪ್ರಸಾರವನ್ನೇ ಮಾಡಿರಲಿಲ್ಲ. ತರಗತಿಯಲ್ಲಿ ನಡುವೆ ಯಾರೂ ಬಂದು ಸೋಪು ಮಾರುವುದಿಲ್ಲ. ತಪ್ಪು ನನ್ನದೇ, ಟೀವಿಯನ್ನು ತರಗತಿ ಅಂದುಕೊಂಡೆ ಎಂದು ಪೇಚಾಡಿದರು. ಅಷ್ಟರಲ್ಲಿ ನಿಮ್ಮ ಅಭಿನಂದನೆ ಫಲಕ ಏರಿತ್ತು. ಅವರು ನಿಮ್ಮ ಕೋಣೆಗೆ ಬಂದು ಅದನ್ನು ತೆಗೆಸಿ ಎಂದು ಕೇಳಿದರಂತೆ. ಇರಲಿ ಬಿಡಿ, ಚೆನ್ನಾಗಿಯೇ ಮಾತಾಡಿದ್ದೀರಿ ಎಂದು ನೀವು ನಕ್ಕಿರಂತೆ.

ಆಮೇಲೆ ಅವರು ಉಳಿದರ್ಧವನ್ನು ಪತ್ರಿಕೆಗೆ ಬರೆದರು. ಮಕ್ಕಳ ಪ್ರಾಣ ದೊಡ್ಡದು, ಸರಿ. ಹಾಗಾದರೆ ಇಂಜಿನಿಯರ್ ವರದಿ ತೋರಿಸಿ. ಬಾಡಿಗೆದಾರರ ಮಾತು ಕೇಳದೆ ಯಾರನ್ನೂ ಹೊರಹಾಕುವಂತಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲೇಬೇಕೆಂಬ ಕಾನೂನು ಎಲ್ಲೂ ಇಲ್ಲ. ಅಕ್ಕ ಅದನ್ನು ನನ್ನಿಂದ ಎರಡು ಸಲ ಓದಿಸಿ, ಪೆಟ್ಟಿಗೆಯಿಂದ ಅಂಗಿಗಳನ್ನು ಹೊರತೆಗೆದಳು. ಇಡೀ ಬೀದಿ ಅರ್ಜಿ ಹಾಕಿತು. ನಗರಸಭೆ ಗೊಣಗುತ್ತಲೇ ಈ ತಿಂಗಳ ಕೊನೆಗೆ ಅಹವಾಲು ಸಭೆ ಕರೆಯಿತು. ನಮ್ಮ ಪರವಾಗಿ ಮಾತಾಡಲು ಮೇಡಂ ಒಪ್ಪಿದ್ದರು. ಆಗ ನಿಮ್ಮ ಅಪ್ಪಣೆ ಹೊರಬಿತ್ತು.

ಸಂಸ್ಥೆಯ ತಟಸ್ಥತೆಗೆ ಧಕ್ಕೆಯಾಗಿದೆ ಎಂದು ನೋಟಿಸಿನಲ್ಲಿ ಬರೆದಿದ್ದೀರಿ. ಮೇಡಂ ಅರ್ಧ ಮಾತಾಡಿದಾಗ ತಟಸ್ಥರಾಗಿದ್ದರು, ಪೂರ್ತಿ ಮಾತಾಡಿದಾಗ ಪಕ್ಷಪಾತಿಯಾದರು, ಹೀಗೆಯೇ ತಾನೇ? ಪೂರ್ವಾನುಮತಿಗೆ ಅವಕಾಶವಿದೆ ಎಂದೂ ಔದಾರ್ಯ ತೋರಿದ್ದೀರಿ. ವರದಿಗಾರ ಕೇಳಲಿರುವ ಪ್ರಶ್ನೆಗಳನ್ನು ಅಧ್ಯಾಪಕರು ಮುಂಚಿತವಾಗಿ ನಿಮಗೆ ಸಲ್ಲಿಸಬೇಕಂತೆ. ಅಷ್ಟು ಭವಿಷ್ಯ ತಿಳಿದವರು ಮೇಷ್ಟ್ರಾಗಿ ಏಕೆ ಉಳಿಯುತ್ತಾರೆ ಸ್ವಾಮಿ? ನೀತಿಯ ಬಗ್ಗೆ ಮಾತಾಡಬಾರದೆಂದರೆ ಕಾನೂನು ಕಲಿಸುವವರು ಇನ್ನು ಯಾವುದರ ಬಗ್ಗೆ ಮಾತಾಡಬೇಕು? ಚಂದ್ರನ ಬಗ್ಗೆಯೇ? ನಾಳೆ ವೈದ್ಯಕೀಯ ಕಾಲೇಜಿನವರು, ಊರಿನಲ್ಲಿ ಹರಡಿರುವ ಜ್ವರದ ಬಗ್ಗೆ ಮಾತಾಡುವುದಿಲ್ಲ, ಅದು ಚರ್ಚೆಯಲ್ಲಿರುವ ವಿಷಯ ಎಂದರೆ ನೀವು ಯಾರ ಹತ್ತಿರ ಔಷಧಿ ಕೇಳುತ್ತೀರಿ?

ಟೀವಿಯಲ್ಲಿ ಮಾತಾಡುವ ಪಂಡಿತರೆಲ್ಲ ನನಗೆ ಪ್ರೀತಿಯೆಂದು ತಿಳಿಯಬೇಡಿ. ನಿಮ್ಮಲ್ಲೇ ಒಬ್ಬರಿದ್ದಾರೆ, ನಮ್ಮ ಬೀದಿಯಲ್ಲಿ ಅವರ ಹೆಸರು ‘ಎಂಟು ಗಂಟೆ ಮೇಷ್ಟ್ರು’. ತೆರಿಗೆ, ಪ್ರವಾಹ, ವಿಚ್ಛೇದನ, ಹುಲಿ, ಯಾವುದನ್ನು ಕೇಳಿದರೂ ಉತ್ತರ ಸಿದ್ಧ. ಅಧಿಕಾರದಲ್ಲಿರುವವರು ಮಾಡಿದ್ದೇ ಸರಿ ಎಂಬುದು ಆ ಉತ್ತರ. ಅಪ್ಪಣೆ ಹೊರಟ ದಿನವೂ ಅವರು ಎಂಟು ಗಂಟೆಗೆ ಹಾಜರಿದ್ದರು. ಅವರಿಗೆ ನೋಟಿಸು ಹೋಗಿಲ್ಲ. ಅವರದು ಬಹುಶಃ ನೀತಿಯ ಬಗ್ಗೆ ಮಾತಲ್ಲ, ನೀತಿಗೆ ಮಂಗಳಾರತಿ.

ಇನ್ನೊಂದು ಹಳೆಯ ಮಾತು. ನೀವು ಕರಿಗೂದಲಿನ ಯುವ ಅಧ್ಯಾಪಕರಾಗಿದ್ದಾಗ ಗ್ರಂಥಾಲಯದ ಸಭಾಂಗಣದಲ್ಲಿ ಒಮ್ಮೆ ಭಾಷಣ ಮಾಡಿದಿರಿ. ಮಾರುಕಟ್ಟೆ ಎತ್ತಂಗಡಿಯ ಆದೇಶವನ್ನು ವೇದಿಕೆಯ ಮೇಲೆ ಎತ್ತಿ ಹಿಡಿದು, ಇದು ಕಾನೂನಲ್ಲ, ಬೆದರಿಕೆ ಎಂದಿರಿ. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ, ಅಕ್ಕನೂ ಒಬ್ಬಳು. ಮರುದಿನ ಪತ್ರಿಕೆಯಲ್ಲಿ ಬಂತು. ಆ ಮಾರುಕಟ್ಟೆ ಇನ್ನೂ ಅಲ್ಲೇ ಇದೆ. ಮೊನ್ನೆ ನೀವು ಅಲ್ಲಿ ಕೈಚೀಲ ಹಿಡಿದು ನಿಂತಿದ್ದನ್ನು ನೋಡಿದೆ. ಅಂದಿನ ಪ್ರಾಂಶುಪಾಲರು ನಿಮಗೆ ನೋಟಿಸು ಕೊಟ್ಟಿದ್ದರೆ ಇವತ್ತು ನೀವು ತರಕಾರಿಗೆ ಎಷ್ಟು ದೂರ ಹೋಗಬೇಕಿತ್ತು?

ಆದ್ದರಿಂದ ನನ್ನ ಒತ್ತಾಯ ಇಷ್ಟು. ಮೇಡಂಗೆ ಕೊಟ್ಟ ನೋಟಿಸನ್ನೂ ನಿಮ್ಮ ಅಪ್ಪಣೆಯನ್ನೂ ಸಭೆಗೆ ಮೊದಲು ಹಿಂಪಡೆಯಿರಿ, ಅವರು ಬಂದು ಮಾತಾಡಲಿ. ಅಷ್ಟು ಧೈರ್ಯ ಸಾಲದಿದ್ದರೆ ಅವರ ಫೋಟೊವನ್ನಾದರೂ ಫಲಕದಿಂದ ಇಳಿಸಿ; ಅವರು ಪೂರ್ತಿ ಹೇಳಲಾಗದ ಮಾತಿಗೆ ನೀವು ಹಾರ ಹಾಕುವುದು ಬೇಡ.

ಮೇಡಂ ಬರಲಾಗದಿದ್ದರೆ ಅಕ್ಕನೇ ಮಾತಾಡುತ್ತಾಳಂತೆ. ದಿನವೂ ಹೊಲಿಗೆ ಯಂತ್ರ ನಿಲ್ಲಿಸಿ ನನ್ನೆದುರು ಅಭ್ಯಾಸ ಮಾಡುತ್ತಾಳೆ. ಮೇಡಂ ಹೇಳಿಕೊಟ್ಟ ಹಾಗೆಯೇ, ಮೊದಲು ನಗರಸಭೆಯ ವಾದ. ನಿನ್ನೆ ಅದನ್ನು ಎಷ್ಟು ಚೆನ್ನಾಗಿ ಮಂಡಿಸಿದಳೆಂದರೆ ನನಗೇ ಪೆಟ್ಟಿಗೆ ಕಟ್ಟಬೇಕೆನಿಸಿತು. ನಾನು ಕೇಳಿದ್ದು ಒಂದೇ: ನಡುವೆ ನಗರಸಭೆಯವರು ಚಹಾಕ್ಕೆ ಏಳದಂತೆ ನೋಡಿಕೊಳ್ಳುತ್ತೀಯಾ?

“ಎದ್ರೆ ಏಳ್ಲಿ. ಬಾಗ್ಲಲ್ಲಿ ಕೂತಿರ್ತೀನಿ. ನಂದು ಮುಗಿಯೋ ತನಕ ದಾಟಿ ಹೋಗ್ಲಿ ನೋಡೋಣ,” ಎಂದಳು.

ಇಂತಿ,
ಜಾಹೀರಾತು ಮುಗಿಯುವುದನ್ನು ಇನ್ನೂ ಕಾಯುತ್ತಿರುವ
ಹೊಲಿಗೆ ಅಂಗಡಿಯವಳ ತಮ್ಮ