ಇಟಲಿಯ ಅಜ್ಜನಿಗೆ ಬೇಕಾದ ಉಗುಳು

ಇವರೇ,

ಇಟಲಿಯ ಮೂಲ ಹುಡುಕಲು ತರಿಸಿದ ಆ ಡಿಎನ್‌ಎ ಕೊಳವೆಗೆ ನೀವು ಉಗುಳಬೇಡಿ, ದಂಡ. ಜೊತೆಗಿದ್ದ ಕಾಗದ ಓದಿದೆ. ಈ ಪರೀಕ್ಷೆ ಅಪ್ಪನಿಂದ ಮಗನಿಗೆ ಇಳಿಯುವ ಸಾಲನ್ನು ಮಾತ್ರ ಹಿಡಿಯುತ್ತದಂತೆ. ಇಟಲಿಯಿಂದ ಮಂಗಳೂರಿಗೆ ಬಂದವರು ನಿಮ್ಮ ಅಜ್ಜಿಯ ಅಪ್ಪ. ಅವರ ಸಾಲಿನ ಗಂಡಸು ದುಬೈಯಲ್ಲಿ ಒಬ್ಬನೇ: ಅಜ್ಜಿಯ ತಮ್ಮನ ಮಗನ ಮಗ, ಅಲ್ ಕುಸೈಸಿನ ಸುಮಿತ್.

ಹೌದು, ಅದೇ ಸುಮಿತ್. ಊರಿನ ಭೂತಕೋಲದಲ್ಲಿ ಎಲ್ಲರೆದುರು ನೀವು, "ನಮ್ಮದು ಅಳಿಯಕಟ್ಟು, ಹೆಣ್ಣಿನ ಕಡೆಯಿಂದಲೇ ಕುಟುಂಬ, ಗಂಡಸಿನ ಕಡೆಯವ ನೀನು ಕುಟುಂಬದವನೇ ಅಲ್ಲ ಮಾರಾಯ, ಹಿಂದೆ ನಿಲ್ಲು" ಎಂದಿರಲ್ಲ, ಅವನೇ.

ಇವತ್ತು ರಜೆಯ ಶುಕ್ರವಾರವಾದರೂ ನನಗೆ ಜೆಬೆಲ್ ಅಲಿಯಲ್ಲಿ ಡ್ಯೂಟಿ. ಅವನನ್ನು ಮಧ್ಯಾಹ್ನ ಊಟಕ್ಕೆ ಕರೆದಿದ್ದೇನೆ. ಬಂಗುಡೆಗೆ ಮಸಾಲೆ ಹಚ್ಚಿಟ್ಟಿದ್ದೇನೆ, ಹುರಿಯುವುದು ನೀವು. ಉಗುಳುವ ಮುಂಚೆ ಅರ್ಧ ಗಂಟೆ ಏನೂ ತಿನ್ನಬಾರದಂತೆ. ಹಾಗಾಗಿ ಮೊದಲು ಕ್ಷಮೆ ಕೇಳಿ, ಆಮೇಲೆ ಕೊಳವೆ ಕೊಡಿ, ಕೊನೆಗೆ ಮೀನು ಬಡಿಸಿ. ಕ್ರಮ ತಪ್ಪಿದರೆ ಕೊಳವೆಗೆ ಬೀಳಬೇಕಾದ್ದು ನಿಮ್ಮ ಮುಖಕ್ಕೆ ಬಿದ್ದೀತು.

ಚಂದ್ರಮತಿ