ಮಧುಮತಿಯ ಡೆಲಿವರಿ

ನಿಂಬರ್ಗಾ, ೧೪ ನವೆಂಬರ್ ೨೦೨೪, ಗುರುವಾರ

ಮಗಳು ಮಧುಮತಿಗೆ ಸತ್ತ ಕೂಸು ಹುಟ್ಟಿ ಇವತ್ತಿಗೆ ಐದು ದಿನ. ಐದನೆಯ ದಿನದ ಐದೇಶಿ ಪೂಜೆಯಂತೂ ಇಲ್ಲ, ಬಾಣಂತನವೂ ಬೇಡವೆಂದು ನನ್ನ ಅತ್ತೆ ಮೊದಲೇ ಹೇಳಿಬಿಟ್ಟಿದ್ದರು. "ತೊಟ್ಟಿಲಿಲ್ಲದ ಮನ್ಯಾಗ ಹೊಗಿ ಹಾಕಿದ್ರ ಮತ್ತೊಂದು ಕೇಡು ಬರ್ತದ." ನಾನೂ ಹೆದರಿ ಒಪ್ಪಿಕೊಂಡಿದ್ದೆ. ಹುಡುಗಿ ಎದೆಹಾಲು ಕಟ್ಟಿ ನರಳುತ್ತಿದ್ದಳು.

ಮುಂಜಾನೆ ನರ್ಸ್ ಮೆಹನಾಜ ಬಂದು ತಾಯಿ ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದಳು.

"ಏನ್ ಬರದ್ರಿ ಅಕ್ಕಾ?" ಮಧುಮತಿ ಕೇಳಿದಳು.

"ಡೆಲಿವರಿ ಆಗ್ಯಾದ ಅಂತ."

"ಕೂಸು ಅಳಲೇ ಇಲ್ಲಲ್ರಿ. ಅದಕ್ಕೂ ಡೆಲಿವರಿ ಅಂತಾರೇನು?"

"ಹೌದವ್ವಾ. ಡೆಲಿವರಿ ಅಂದ್ರ ಹಡೆಯೋದು. ಬ್ಯಾನಿ ತಿಂದಾಕಿ ನೀ, ಹಡದಾಕಿ ನೀ. ಕೂಸು ಉಳೀಲಿ ಬಿಡ್ಲಿ, ನೀ ಬಾಣಂತಿನೇ." ನನ್ನ ಕಡೆ ತಿರುಗಿ, "ಏನ್ರಿ ಚಾಚಿ, ತಲಿಗಿ ಅರಿವಿ ಸುದ್ದಾ ಕಟ್ಟಿಲ್ಲಲ್ರಿ!" ಎಂದಳು.

ನಾಲ್ಕು ಹಡೆದ ನನಗೆ ಇದನ್ನು ತಿಳಿಸಲು ಇಂಗ್ಲಿಷ್ ಮಾತು ಬೇಕಾಯಿತೇ, ಶಿವನೇ?

ಅತ್ತೆ ಗೊಣಗುತ್ತಿದ್ದರೂ ಬಿಸಿನೀರು ಎರೆದೆ. ತಲೆಗೆ ಅರಿವೆ ಕಟ್ಟಿ, ಹೊರಸಿನ ಕೆಳಗೆ ಕೆಂಡವಿಟ್ಟು ಅಜವಾನ ಉದುರಿಸಿದೆ. ಹೊಗೆಯಲ್ಲಿ ಅವಳು ನನ್ನ ಕೈ ಹಿಡಿದಳು.

"ಯವ್ವಾ, ನಾ ಹಡದದ್ದು ಗಂಡೋ ಹೆಣ್ಣೋ?"

ಐದು ದಿನದಿಂದ ಯಾರೂ ಅವಳಿಗೆ ಹೇಳಿರಲಿಲ್ಲ. ಕೂಸನ್ನು ಸುತ್ತಿ ಮಣ್ಣಿಗೆ ಕೊಟ್ಟವಳು ನಾನೇ, ನಾನೂ ಹೇಳಿರಲಿಲ್ಲ.

"ಹೆಣ್ಣು. ತಲಿ ತುಂಬ ಕೂದಲಿದ್ದವು ಬೇ," ಎಂದೆ.

ಆಗ ಅವಳು ಓಣಿಗೆಲ್ಲ ಕೇಳುವಂತೆ ಅತ್ತಳು. ಅತ್ತೆ ಬಾಗಿಲು ಮುಚ್ಚೆಂದರು. ನಾನು ಮುಚ್ಚಲಿಲ್ಲ.