ಅಕ್ಕನಿಂದ ಬಚ್ಚಿಟ್ಟ ಹನ್ನೊಂದು ಕಿಲೋ

ಅಕ್ಕಾ,

‘ಹೊರೆ ಇಳಿಸಿ ನಿಂತಾಗ ತಿಳಿಯಿತು, ನನಗೂ ಒಂದು ಹೆಗಲಿದೆಯೆಂದು.’ ಇಂಥದೊಂದು ಸಾಲು ನಿನ್ನೆ ರಾತ್ರಿಯಿಂದ ತಲೆಯಲ್ಲಿ ಸುತ್ತುತ್ತಿದೆ. ಎಂದೋ ಯಾರದೋ ಕವಿತೆಗಳ ಕರಡು ತಿದ್ದುವಾಗ ಕಣ್ಣಿಗೆ ಬಿದ್ದದ್ದು. ಮುಂದಿನ ಸಾಲು ಮರೆತಿದೆ. ಇದಾದರೂ ಹೀಗೇ ಇತ್ತೆಂದು ಆಣೆಯಿಟ್ಟು ಹೇಳಲಾರೆ. ಆಗ ಚೆಂದ ಅನ್ನಿಸಿತ್ತು. ಈಗ ಅನುಮಾನ. ಹೊರೆ ಇಳಿಸಿದ ಮೇಲೆ ಹೆಗಲನ್ನು ಯಾರು ನೆನೆಯುತ್ತಾರೆ? ಇನ್ನೊಬ್ಬರ ಹೊರೆಯನ್ನು ಹೊರಬೇಕೆಂಬ ಆಸೆ ಬಂದಾಗಲೇ ನಮಗೊಂದು ಹೆಗಲಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಿಕೊಳ್ಳುವುದು. ನಾನು ಹಾಗೆ ಮುಟ್ಟಿ ನೋಡಿಕೊಂಡು ಒಂಬತ್ತು ತಿಂಗಳಾಯಿತು. ನಿನ್ನಿಂದ ಮುಚ್ಚಿಟ್ಟದ್ದು ಮಾತ್ರ ತಪ್ಪು.

ಭಾನುವಾರ ನೀನು ಬಾಗಿಲು ಹಾಕಿಕೊಂಡ ಮೇಲೆ ನಾಲ್ಕು ಸಲ ಫೋನು ಮಾಡಿದೆ. ಎತ್ತಲಿಲ್ಲ. ಅದಕ್ಕೇ ಈ ಕಾಗದ, ನಿನ್ನ ಬಾಗಿಲಡಿ ತೂರಿಸಿ ಹೋಗಲು. ಬರೆದದ್ದನ್ನು ಓದದೆ ಎಸೆಯುವ ಅಭ್ಯಾಸ ನಿನಗಿಲ್ಲ. ತೀರಿಕೊಂಡ ಗಿರಾಕಿಗಳ ಅಳತೆ ಚೀಟಿಗಳನ್ನೂ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೊಂಡವಳು ನೀನು.

ನಿನ್ನ ಎರಡೂ ಕಿಡ್ನಿ ಕೈಕೊಟ್ಟಿವೆ ಎಂದು ಡಾಕ್ಟರು ಹೇಳಿದ ದಿನ, ಮನೆಯವರು ಯಾರಾದರೂ ಒಂದನ್ನು ಕೊಡಬಹುದು ಎಂದೂ ಹೇಳಿದ್ದರು. ನಿನ್ನ ಮನೆಯವರೆಂದರೆ ನಾನೊಬ್ಬಳೇ. ನಾನು ಬಾಯಿ ತೆರೆಯುವ ಮೊದಲೇ ನೀನು ಅಂದೆ: “ಕತ್ತರಿ ಹಾಕೋದು ಬಟ್ಟೆಗೆ. ನಮ್ಮ ಹುಡುಗಿ ಮೈಗಲ್ಲ. ಈ ಮಾತು ಇಲ್ಲಿಗೇ ಬಿಡಿ ಡಾಕ್ಟ್ರೇ.” ನಲವತ್ತೇಳು ತುಂಬಿದ ‘ಹುಡುಗಿ’ಯನ್ನು ಅವರು ಕನ್ನಡಕ ಸರಿಮಾಡಿಕೊಂಡು ನೋಡಿದ್ದು ನೆನಪಿದೆಯಾ?

ಆಮೇಲೆ ವಾರಕ್ಕೆ ಮೂರು ದಿನ ನಿನ್ನ ಡಯಾಲಿಸಿಸ್ ಶುರುವಾಯಿತು. ಸೂಜಿ ಚುಚ್ಚಿಸಿಕೊಂಡು ಊದಿದ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು, ಬಲಗೈಯೊಂದರಲ್ಲೇ ನೀನು ಕಾಜಾ ಹೊಲಿಯುತ್ತಿದ್ದೆ. ದಿನಕ್ಕಿಷ್ಟೇ ನೀರು ಎಂದು ಅಳೆದು ತುಂಬಿದ ಆ ಸಣ್ಣ ಬಾಟಲಿಯನ್ನು ಮಧ್ಯಾಹ್ನವೇ ಮುಗಿಸಿಬಿಟ್ಟು, ಸಂಜೆಯವರೆಗೆ ಅದರ ಮುಚ್ಚಳವನ್ನು ಬೆರಳಲ್ಲಿ ತಿರುಗಿಸುತ್ತಾ ಕೂತಿರುತ್ತಿದ್ದೆ. ಒಂದು ದಿನ ನಾನು ಅದನ್ನು ನೋಡಲಾಗದೆ ಎದ್ದು ಬಂದೆ. ಮರುದಿನ ಪ್ರೆಸ್ಸಿಗೆ ರಜೆ ಹಾಕಿ, ನಿನಗೆ ಹೇಳದೆ ಆಸ್ಪತ್ರೆಗೆ ಹೋದೆ.

ರಕ್ತ ಹೊಂದಿತು. ಉಳಿದದ್ದೂ ಹೊಂದಿತು. ತೂಕದ ಯಂತ್ರ ಮಾತ್ರ ಎಂಬತ್ತೊಂದು ತೋರಿಸಿತು. ಡಾಕ್ಟರು ತಲೆಯಾಡಿಸಿದರು. “ನಿಮ್ಮ ಎತ್ತರಕ್ಕೆ ಇದು ಜಾಸ್ತಿ. ಎಪ್ಪತ್ತರ ಕೆಳಗೆ ಬನ್ನಿ, ಮಾತಾಡೋಣ. ಆದ್ರೆ ಉಪವಾಸ ಬಿದ್ದು ಬರಬೇಡಿ. ಒಂದು ಕೊಟ್ಟ ಮೇಲೆ ಉಳಿದ ಒಂದರಲ್ಲೇ ನೀವು ಕೊನೇವರೆಗೂ ಬಾಳಬೇಕು. ಅದಕ್ಕೆ ಸಕ್ಕರೆ ಕಾಯಿಲೆ, ಬಿಪಿ ತಂದಿಡೋ ಹಾಗಿದ್ರೆ ನಾನು ಒಪ್ಪಲ್ಲ.”

ನಾನು ಜಗಳವಾಡಿದೆ ಅಕ್ಕಾ. ಮೈಮೇಲಿನ ಅಂಗಿ ತೋರಿಸಿ, “ಇದು ಹತ್ತು ವರ್ಷದ ಹಿಂದಿನದು. ಇವತ್ತಿಗೂ ಸರಿಯಾಗಿ ಕೂತಿದೆ. ನಿಮ್ಮ ಯಂತ್ರವೇ ಕೆಟ್ಟಿರಬೇಕು” ಎಂದೆ. ನರ್ಸು ಬಾಯಿಗೆ ಕೈ ಅಡ್ಡ ಹಿಡಿದಳು.

ಮನೆಗೆ ಬಂದು ಆ ಅಂಗಿಯನ್ನು ಒಳಮಗ್ಗುಲು ತಿರುಗಿಸಿದೆ. ಕಂಕುಳಿಂದ ಸೊಂಟದವರೆಗೆ ಸೂಜಿ ತೂತುಗಳ ಸಾಲು. ಹಳೆಯ ಹೊಲಿಗೆ ಬಿಚ್ಚಿದ ಗುರುತು. ಅದರಾಚೆ ಇನ್ನೊಂದು, ಅದರಾಚೆ ಮತ್ತೊಂದು. ಮಡಿಕೆಯೊಳಗೆ ಉಳಿದಿದ್ದ ಬಟ್ಟೆ ಬಿಸಿಲು ಕಾಣದೆ ಹೊಸ ನೀಲಿಯಾಗಿಯೇ ಇತ್ತು. ಕಪಾಟಿನ ಬಟ್ಟೆಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿ ತಿರುಗಿಸಿ ನೋಡಿದೆ. ಎಲ್ಲದರಲ್ಲೂ ಅದೇ ಕತೆ. ‘ಗುಂಡಿ ಸಡಿಲವಾಗಿದೆ, ಬಿಟ್ಟು ಹೋಗು’ ಎಂದು ನೀನು ಇಟ್ಟುಕೊಂಡ ಪ್ರತಿ ಸಲವೂ ಅರ್ಧ ಇಂಚು ಬಿಚ್ಚಿದ್ದೀಯ. ಹೊಸದು ಹೊಲಿಯುವಾಗಲೇ ಮುಂದಿನ ವರ್ಷಗಳಿಗೆಂದು ಒಳಗೆ ಎರಡೆರಡು ಬೆರಳು ಬಟ್ಟೆ ಬಿಟ್ಟಿದ್ದೀಯ. ಒಂದೇ ಒಂದು ಮಾತು ಆಡಿಲ್ಲ.

ಯಾಕೆ ಆಡಲಿಲ್ಲ ಎಂದು ನನಗೆ ಗೊತ್ತು. ನನಗೆ ಹದಿನಾಲ್ಕಿದ್ದಾಗ ಗಿರಾಕಿಯೊಬ್ಬಳು ನಿನ್ನ ಹೊಲಿಗೆ ಅಂಗಡಿಯ ಕಟ್ಟೆಯ ಮೇಲೆ ಕೂತು, “ನಿಮ್ಮ ತಂಗಿಗೆ ಎರಡು ಮೀಟರ್ ಎಲ್ಲಿ ಸಾಲತ್ತೆ ಬಿಡಿ” ಎಂದು ನಕ್ಕಿದ್ದಳು. ನಾನು ಎರಡು ದಿನ ಊಟ ಬಿಟ್ಟೆ. ಅಮ್ಮ ಇಲ್ಲದ ಮನೆ. ಇಪ್ಪತ್ಮೂರರ ನೀನು ತಟ್ಟೆ ಹಿಡಿದು ಬಾಗಿಲ ಹೊರಗೆ ನಿಂತು, “ಏ ಬಾಲಂಗೋಚಿ, ತಿನ್ನೇ, ನಿನ್ನ ದಮ್ಮಯ್ಯ” ಎಂದು ಬೇಡಿದ್ದೆ. ಅಂದಿನಿಂದ ನನ್ನ ಮೈಯ ಸುದ್ದಿ ನಿನ್ನ ಬಾಯಲ್ಲಿ ಬರಲಿಲ್ಲ. ನನ್ನ ಮೈ ಬೆಳೆದಂತೆಲ್ಲ ಬಟ್ಟೆಯನ್ನು ಬೆಳೆಸಿದೆ. ಆ ರಾಶಿಯ ನಡುವೆ ಕೂತು ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಇಷ್ಟು ಗುಟ್ಟಾಗಿ ಯಾರನ್ನಾದರೂ ಪ್ರೀತಿಸಲು ನನಗೆ ಬಂದೀತೇ ಎಂದು ಅಸೂಯೆಯಾಯಿತು.

ಡಾಕ್ಟರ ಮಾತು ಕೇಳದೆ ಮೊದಲ ಎರಡು ವಾರ ಉಪವಾಸವನ್ನೇ ಬಿದ್ದೆ. ಬೆಳಿಗ್ಗೆ ಒಂದು ಸೇಬು, ಸಂಜೆ ಒಂದು ಸೇಬು. ಹದಿಮೂರನೆಯ ದಿನ ಪ್ರೆಸ್ಸಿನಲ್ಲಿ, ಭೂಗೋಳ ಪುಸ್ತಕದ ಕರಡಿನ ಮೇಲೆ ತಲೆ ತಿರುಗಿ ಬಿದ್ದೆ. ಯಂತ್ರ ನಡೆಸುವ ಹಿರಿಯರು ಒಂದು ಚೊಂಬು ನೀರು ಮುಖಕ್ಕೆರಚಿ, ನಾನು ಕಣ್ಣು ಬಿಟ್ಟ ಮೇಲೆ ಅಂದರು: “ಬದುಕಿದ್ರಲ್ಲ ಮೇಡಂ, ಸಾಕು. ಒಂದು ಖಂಡ ಪೂರ್ತಿ ಒದ್ದೆಯಾಗಿದೆ, ಅದನ್ನ ಮತ್ತೆ ನೀವೇ ಓದ್ಬೇಕು.”

ಆಮೇಲೆ ಆಸ್ಪತ್ರೆಯ ಆಹಾರ ಸಲಹೆಗಾರ್ತಿಯ ಮುಂದೆ ಹೋಗಿ ಕೂತೆ. ಮಗಳ ವಯಸ್ಸಿನವಳು. ಇದು ತಿನ್ನಿ, ಅದು ಬಿಡಿ ಎಂಬ ಪಟ್ಟಿ ಕೊಡುತ್ತಾಳೆಂದುಕೊಂಡಿದ್ದೆ. ಅವಳು ಒಂದು ಖಾಲಿ ನೋಟುಬುಕ್ಕು ಕೊಟ್ಟು, “ಒಂದು ವಾರ ಏನೂ ಬದಲಾಯಿಸ್ಬೇಡಿ. ತಿಂದಿದ್ದನ್ನೆಲ್ಲ ಬರೀರಿ. ಕೂತು ತಿಂದ್ರಾ, ನಿಂತು ತಿಂದ್ರಾ, ಹಸಿದಿತ್ತಾ, ಬೇಜಾರಾಗಿತ್ತಾ, ಅದನ್ನೂ ಬರೀರಿ” ಎಂದಳು. ನನ್ನದೇ ವಾರದ ಕರಡನ್ನು ನಾನೇ ತಿದ್ದಲು ಕೂತಂತಾಯಿತು. ಓದಿದರೆ ನಾಚಿಕೆ. ಊಟಗಳಲ್ಲಿ ದೋಷವಿರಲಿಲ್ಲ ಅಕ್ಕಾ. ಕರಡು ಓದುತ್ತಾ ಮೇಜಿನ ಖಾನೆಯಿಂದ ತೆಗೆದ ಬಿಸ್ಕತ್ತು, ಸ್ಟವ್ವಿನ ಮುಂದೆ ನಿಂತು ಬಾಣಲೆಯಿಂದಲೇ ತಿಂದದ್ದು, ದಿನಕ್ಕೆ ಆರು ಚಹಾ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಹಸಿದು ತಿಂದದ್ದಕ್ಕಿಂತ ಬೇಜಾರಿಗೆ ತಿಂದದ್ದೇ ಹೆಚ್ಚು.

“ಎಲ್ಲಾ ಒಟ್ಟಿಗೆ ಬೇಡ. ಹದಿನೈದು ದಿನಕ್ಕೆ ಒಂದು” ಎಂದಳು ಹುಡುಗಿ. ಮೊದಲನೆಯದು, ಏನೇ ತಿಂದರೂ ತಟ್ಟೆಗೆ ಹಾಕಿಕೊಂಡು ಕೂತು ತಿನ್ನಬೇಕು, ಅಷ್ಟೇ. ಒಂದು ಬಿಸ್ಕತ್ತಿಗೂ ತಟ್ಟೆ. ತಟ್ಟೆ ತೊಳೆಯುವ ಸೋಮಾರಿತನಕ್ಕೇ ಅರ್ಧಕ್ಕರ್ಧ ಬಿಸ್ಕತ್ತುಗಳು ನಿಂತವು ಎಂದರೆ ನಗುತ್ತೀಯ. ಆಮೇಲೆ ಚಹಾದ ಸಕ್ಕರೆ, ವಾರಕ್ಕೆ ಅರ್ಧ ಚಮಚದಂತೆ ಕಡಿಮೆ. ನಾಲಿಗೆ ಮೊದಲು ಮುನಿಸಿಕೊಂಡಿತು, ಆಮೇಲೆ ಮರೆತುಬಿಟ್ಟಿತು. ಆಮೇಲೆ ತಟ್ಟೆಯಲ್ಲಿ ಅರ್ಧ ಭಾಗ ತರಕಾರಿ, ಅದನ್ನು ಮೊದಲು ಮುಗಿಸುವುದು; ಮಿಕ್ಕ ಅರ್ಧದಲ್ಲಿ ಕಾಳೋ ಮೊಟ್ಟೆಯೋ ಇರಲೇಬೇಕು, ಇಲ್ಲದಿದ್ದರೆ ನಾಲ್ಕು ಗಂಟೆಗೇ ಮತ್ತೆ ಹಸಿವಾಗುತ್ತದೆ. ರಾತ್ರಿ ಊಟ ಬಿಡಕೂಡದು, ಬೇಗ ಮಾಡಬೇಕು. ಕವಿತೆ ಓದುತ್ತಾ ಹನ್ನೆರಡಾಗುತ್ತದೆ ಎಂದೆ. “ಓದಿ ಮೇಡಂ, ಯಾರು ಬೇಡ ಅಂದ್ರು? ಹತ್ತೂವರೆಗೆ ದೀಪ ಆರಿಸಿ. ನಿದ್ದೆ ಕಮ್ಮಿಯಾದ್ರೆ ಮಾರನೇ ದಿನ ಹೊಟ್ಟೆ ಸುಳ್ಳು ಹಸಿವು ತೋರಿಸತ್ತೆ” ಎಂದಳು. ನಿಜ. ನಾನೇ ಕಂಡೆ.

ನಡಿಗೆಗೆ ಬಸ್ಸನ್ನು ಎರಡು ನಿಲ್ದಾಣ ಮೊದಲೇ ಇಳಿಯತೊಡಗಿದೆ. ಬೆಳಿಗ್ಗೆ ಆರಕ್ಕೆ ನಮ್ಮ ಕಟ್ಟಡದ ಮೂರು ಮಹಡಿ ಹತ್ತಿ ಇಳಿಯುವುದು; ಮೊದಮೊದಲು ಒಂದು ಸಲ, ಈಗ ಐದು ಸಲ. ಎದುರು ಮನೆಯಾಕೆ ಶಾಲೆಯ ಬಸ್ಸು ಓಡಿಸುವವಳು, ಗಂಟಲೇ ಹಾರನ್ನು. ಒಂದು ದಿನ ಬಾಗಿಲು ತೆಗೆದು, “ಏನ್ರೀ, ಏನಾದ್ರೂ ಕಳ್ಕೊಂಡಿದ್ದೀರಾ? ದಿನಾ ಹತ್ತಿ ಇಳಿದು ಹುಡುಕ್ತೀರಲ್ಲ?” ಎಂದಳು. ಕಳೆದುಕೊಳ್ಳಲೆಂದೇ ಹತ್ತುತ್ತಿದ್ದೇನೆ ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಬಿಡು.

ಎಪ್ಪತ್ಮೂರಕ್ಕೆ ಬಂದು ತೂಕದ ಮುಳ್ಳು ನಿಂತಿತು. ಎರಡು ತಿಂಗಳು ಅಲುಗಲಿಲ್ಲ. ಅತ್ತ ನಿನ್ನ ಮುಖದ ಬಣ್ಣ ಇಳಿಯುತ್ತಿತ್ತು, ಇತ್ತ ಇದು ಇಳಿಯದು. ಆಸ್ಪತ್ರೆಯ ಪಡಸಾಲೆಯಲ್ಲಿ ಕೂತು ಅತ್ತುಬಿಟ್ಟೆ. ಆ ಹುಡುಗಿ ಪಕ್ಕದಲ್ಲಿ ಕೂತು, ದಿನಾ ತೂಕ ನೋಡುವುದನ್ನು ಬಿಡಿಸಿದಳು. “ವಾರಕ್ಕೊಂದು ಸಲ ಸಾಕು. ನಿಮ್ಮ ಬಿಪಿ ಇಳಿದಿದೆ, ಮೆಟ್ಟಿಲಿಗೆ ಏದುಸಿರು ಬರ್ತಿಲ್ಲ. ಮುಳ್ಳಿಗೆ ಇದೆಲ್ಲ ಗೊತ್ತಾಗಲ್ಲ” ಎಂದು ಹೇಳಿ, ಎರಡು ಬಾಟಲಿಗೆ ನೀರು ತುಂಬಿ ಎತ್ತಿ ಇಳಿಸುವ ವ್ಯಾಯಾಮ ಕಲಿಸಿದಳು. ಒಂದು ದಿನ ಎಡವಿದರೆ ಅಂದಿನ ರಾತ್ರಿಯೇ ಸರಿದಾರಿಗೆ ಬರಬೇಕು, ಸೋಮವಾರಕ್ಕೆ ಕಾಯಬಾರದು. ಇದನ್ನೆಲ್ಲ ನಿನಗೆ ಇಷ್ಟು ಬಿಡಿಸಿ ಬರೆಯುವುದಕ್ಕೆ ಕಾರಣವಿದೆ. ಹೊಸ ಕಿಡ್ನಿ ಬಂದ ಮೇಲೆ, ಮೈ ಅದನ್ನು ತಳ್ಳದಿರಲೆಂದು ಕೊಡುವ ಮಾತ್ರೆಗಳ ಜೊತೆ ಹಸಿವು ಒಮ್ಮೆಲೇ ಮರಳಿ ಬಂದು ಬಹಳ ಜನ ದಪ್ಪಗಾಗುತ್ತಾರಂತೆ. ಆಗ ನಿನಗೂ ಇದೆಲ್ಲ ಬೇಕು. ನಿನ್ನ ತಟ್ಟೆಯಲ್ಲಿ ಏನಿರಬೇಕೆಂದು ಆಸ್ಪತ್ರೆಯವರೇ ಹೇಳುತ್ತಾರೆ. ನಿನ್ನನ್ನು ನಡೆಸುವ ಕೆಲಸ ಮಾತ್ರ ನನ್ನದು.

ಇನ್ನು ಸ್ವೆಟರಿನ ವಿಷಯ. ಒಬ್ಬರನ್ನು ನೋಡಿದರೇ ಸುತ್ತಳತೆ ಹೇಳುವ ದರ್ಜಿಯಿಂದ ಹನ್ನೊಂದು ಕಿಲೋ ಬಚ್ಚಿಡಬಹುದೆಂದು ನಂಬಿದ್ದೆನಲ್ಲ, ನನ್ನ ಬುದ್ಧಿಗೆ ಏನನ್ನಬೇಕು! ಭಾನುವಾರಗಳಲ್ಲಿ ನಿನ್ನಲ್ಲಿಗೆ ಬರುವಾಗ ಅಂಗಿಯ ಒಳಗೆ ಉಣ್ಣೆಯ ಸ್ವೆಟರು ತೊಡುತ್ತಿದ್ದೆ. ಮೊನ್ನೆ ನೀನು ಕಾಲರು ಸರಿಮಾಡುವ ನೆಪದಲ್ಲಿ ಕೈಹಾಕಿ, ಹೆಗಲ ಮೂಳೆ ಮುಟ್ಟಿ, ನಿಂತುಬಿಟ್ಟೆ. “ನಾಲ್ಕು ತಿಂಗಳಿಂದ ನೋಡ್ತಿದ್ದೀನಿ. ಈ ಸೆಕೇಲಿ ಯಾರೇ ಸ್ವೆಟರ್ ಹಾಕ್ತಾರೆ? ಯಾವ ದೊಡ್ಡ ಕಾಯಿಲೆ ಬಂದಿದೆ ನಿನಗೆ? ನನಗಿಂತ ಮೊದಲು ಹೋಗೋಕೆ ನಿಂತಿದ್ದೀಯಾ?” ನಾಲ್ಕು ತಿಂಗಳು ನೀನೊಬ್ಬಳೇ ಆ ಭಯವನ್ನು ಇಟ್ಟುಕೊಂಡಿದ್ದೆ. ಕ್ಷಮಿಸು ಅಕ್ಕಾ. ನಿನ್ನನ್ನು ಉಳಿಸಿಕೊಳ್ಳುವ ಆತುರದಲ್ಲಿ ನಿನಗೆ ಹೀಗೆ ಹೆದರಿಕೆ ಹುಟ್ಟಿಸಿದೆ.

ನಿಜ ಹೇಳಿದಾಗ ನೀನು ಒಂದು ಗಳಿಗೆ ನಕ್ಕೆ. ಕಾಯಿಲೆಯಲ್ಲವೆಂಬ ಸಮಾಧಾನಕ್ಕೆ ಬಂದ ನಗು ಅದು. ಮರುಗಳಿಗೆ ಬೆನ್ನು ತಿರುಗಿಸಿದೆ. “ಇಬ್ಬರೂ ಒಂದೇ ದಿನ ಮಲಗಿದ್ರೆ ಒಂದು ಲೋಟ ನೀರು ಕೊಡೋರು ಯಾರು? ನನಗೆ ನೀನಿದ್ದೀಯ. ನಿನಗೆ ಯಾರಿದ್ದಾರೆ? ಹೋಗು, ಇನ್ನು ಬರಬೇಡ.”

ಆ ಒಂದು ಲೋಟ ನೀರು ಕೊಡುವವರು ಯಾರೆಂದು ಎರಡು ದಿನದಿಂದ ಯೋಚಿಸುತ್ತಿದ್ದೇನೆ. ಪ್ರೆಸ್ಸಿನ ಹಿರಿಯರಿಗೆ ಎಪ್ಪತ್ತಾಗುತ್ತಾ ಬಂತು, ಗೆಳತಿಯರು ದೂರದಲ್ಲಿದ್ದಾರೆ. ಸುಳ್ಳು ಧೈರ್ಯ ಬರೆಯಲಾರೆ. ಆದರೆ ನಿನ್ನೆ, ಸೋಮವಾರ, ತೂಕದ ಯಂತ್ರ ಅರವತ್ತೊಂಬತ್ತೂವರೆ ತೋರಿಸಿತು. ಗುರುವಾರ ಹತ್ತು ಗಂಟೆಗೆ ಡಾಕ್ಟರು ಇಬ್ಬರನ್ನೂ ಕರೆದಿದ್ದಾರೆ. ನೀನು ನಿನ್ನ ಬಾಯಿಂದಲೇ ‘ಹೂಂ’ ಅನ್ನಬೇಕಂತೆ. ನಿನ್ನ ಪರವಾಗಿ ಯಾರೂ ಹೇಳುವಂತಿಲ್ಲ. ನೀನು ಬಾರದಿದ್ದರೂ ನಾನು ನಡೆಯುವುದನ್ನು ಬಿಡುವುದಿಲ್ಲ, ತಟ್ಟೆಯನ್ನೂ ಬಿಡುವುದಿಲ್ಲ. ಇದು ಈಗ ನನ್ನದಾಗಿದೆ. ಆದರೆ ಒಬ್ಬಳೇ ಆರೋಗ್ಯವಾಗಿದ್ದು ಏನು ಮಾಡಲಿ, ಹೇಳು.

ಬಾ ಅಕ್ಕಾ. ನಿನ್ನ ಬಾಯಾರಿಕೆ ನೀಗಲಿ. ಲೋಟ ಅಳೆಯದೆ, ಗಟಗಟನೆ ನೀರು ಕುಡಿಯುವ ದಿನಗಳು ನಿನಗೆ ಬೇಗ ಬರಲಿ.

ನಿನ್ನ ಬಾಲಂಗೋಚಿ

ಮತ್ತೆ: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಬಾಗಿಲು ಬಡಿದ ಸದ್ದಾಯಿತು. ಎದುರು ಮನೆಯಾಕೆ, ಕೆಲಸಕ್ಕೆ ಹೊರಟ ಸಮವಸ್ತ್ರದಲ್ಲಿ. ಇವತ್ತು ಮೆಟ್ಟಿಲ ಮೇಲೆ ಸದ್ದಿಲ್ಲ, ಹುಷಾರಿಲ್ಲವಾ ಎಂದು ಕೇಳಲು ಬಂದಿದ್ದಳು. ಕಾಗದ ಬರೆಯುತ್ತಿದ್ದೆ ಎಂದೆ. ಯಾರಿಗೆ ಎಂದಳು. ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಒಂದು ಲೋಟ ನೀರಿನ ಮಾತನ್ನೂ. ಬಾಗಿಲಿಗೆ ಒರಗಿ ಕೇಳಿಸಿಕೊಂಡಳು. ಕೈಯಲ್ಲಿದ್ದ ಬಸ್ಸಿನ ಬೀಗದಕೈಯನ್ನು ಜೇಬಿಗೆ ಹಾಕಿ, ಅವಳ ಆ ಮಾಮೂಲಿ ಗಂಟಲಲ್ಲಿ ಅಂದಳು:

“ಮುಂದಿನ ತಿಂಗಳು ಶಾಲೆಗೆ ರಜೆ, ಆಗಲೇ ಇಟ್ಕೊಳ್ಳಿ ಆಪರೇಷನ್ನು. ನಿಮ್ಮಕ್ಕನ್ನೂ ಇಲ್ಲಿಗೇ ಕರ್ಕೊಂಡು ಬಂದು, ಇಬ್ಬರೂ ಒಂದೇ ಮನೇಲಿ ಮಲಗಿ. ಎರಡೆರಡು ಮನೆಗೆ ಓಡಾಡೋಕೆ ನನ್ನ ಕೈಲಾಗಲ್ಲ.”